ತುಂಗಾಬಾಯಿಯ ನಿಜವಾದ ವೇಗ

ತುಂಗಾಬಾಯಿ ಐನಾಪುರ ಅವರಿಗೆ ಎಂಟು ವರ್ಷ ವಯಸ್ಸು ಎಂದು ನಮ್ಮ ಯಂತ್ರ ಹೇಳಿದಾಗ ನಾನು ಚಹಾ ಕುಡಿಯುತ್ತಿದ್ದೆ. ಸಹೋದ್ಯೋಗಿ ಮುಮ್ತಾಜ್ ನದಾಫ್ ಪರದೆಯನ್ನು ನನ್ನ ಕಡೆ ತಿರುಗಿಸಿ, "ಸರ್, ಇವರು ನಿಮ್ಮ ಮನೀದೇವರು. ನೀವ ನೋಡ್ರಿ," ಎಂದಳು.

ಮನೆದೇವರು ಅಂದದ್ದರಲ್ಲಿ ತಪ್ಪೇನಿಲ್ಲ. ನಮ್ಮ ಮನೆಯ ದೇವರ ಜಗಲಿಯ ಮೇಲೆ ಬಸವಣ್ಣನ ಪಟದ ಪಕ್ಕದಲ್ಲೇ ತುಂಗಾಬಾಯಿಯ ಫೋಟೋ ಇದೆ. ದಿನಾ ಮುಂಜಾನೆ ಇಬ್ಬರಿಗೂ ಒಂದೇ ಅಳತೆಯ ಮಲ್ಲಿಗೆ ಮಾಲೆ. ಫೋಟೋದಲ್ಲಿರುವುದು ಮೂವತ್ತು ದಾಟಿದ ತುಂಬು ಮೈಯ ಹೆಂಗಸು, ಮೂಗಿನಲ್ಲಿ ದೊಡ್ಡ ನತ್ತು, ಫೋಟೋ ತೆಗೆಯುವವನನ್ನೇ ಗದರಿಸುವಂಥ ನೋಟ. ಎಂಟು ವರ್ಷದ ಹುಡುಗಿ ಹೀಗಿದ್ದಳೆಂದರೆ ಅದು ಬೇರೆ ಇಲಾಖೆಯವರು ಸಂಶೋಧನೆ ಮಾಡಬೇಕಾದ ವಿಷಯ.

ಈ ಕಾಲದಲ್ಲಿ ಸತ್ತ ಗಾಯಕರಿಗೆ ಬದುಕಿರುವವರಿಗಿಂತ ಕೆಲಸ ಜಾಸ್ತಿ ಎಂಬುದು ನಿಮಗೂ ಗೊತ್ತು. ಮದುವೆಗೆ ಕರೆದರೆ ಬರುತ್ತಾರೆ, ತೊಟ್ಟಿಲಿಗೆ ಕರೆದರೆ ಬರುತ್ತಾರೆ, ಉಪ್ಪಿನಕಾಯಿ ಜಾಹೀರಾತಿಗೂ ಬರುತ್ತಾರೆ. ಊಟದ ಖರ್ಚಿಲ್ಲ, ಸಿಟ್ಟು ಮಾಡಿಕೊಳ್ಳುವುದಿಲ್ಲ. ಹಳೆಯ ದನಿಯನ್ನು ಕತ್ತರಿಸಿ ಹೊಸ ಡೋಲಿಗೆ ಅಂಟಿಸಿ ಅದಕ್ಕೆ 'ನಮನ' ಎಂದು ಹೆಸರಿಟ್ಟರೆ ಮುಗಿಯಿತು. ಹುಬ್ಬಳ್ಳಿಯ ನಮ್ಮ ಕೇಂದ್ರದಲ್ಲಿ ಮಾಡುವುದು ಅದಲ್ಲ. ನಾವು ದನಿಯನ್ನು ಅಂಟಿಸುವುದಿಲ್ಲ, ದನಿ ಹೊರಟ ದೇಹವನ್ನು ಕಟ್ಟುತ್ತೇವೆ. ನಮ್ಮ ಯಂತ್ರದ ಹೆಸರು ಅನುಕಂಠ. ಹಳೆಯ ಗ್ರಾಮಫೋನ್ ತಟ್ಟೆಯ ಗೆರೆಗಳನ್ನು ಬೆಳಕಿನಿಂದ ಓದಿ, ಸ್ವರಗಳು ಬಾಯಲ್ಲಿ ಹೇಗೆ ಗುಂಯ್‌ಗುಟ್ಟಿವೆ ಎಂಬುದರ ಮೇಲೆ ಗಂಟಲು ಎಷ್ಟು ಉದ್ದ, ಎದೆ ಎಷ್ಟು ಅಗಲ, ಒಂದು ಉಸಿರಿಗೆ ಎಷ್ಟು ಗಾಳಿ ಎಂದು ಲೆಕ್ಕ ಹಾಕುತ್ತದೆ. ದೊಡ್ಡ ಕೊಡಕ್ಕೂ ಸಣ್ಣ ತಂಬಿಗೆಗೂ ಬಡಿದು ನೋಡಿದರೆ ಸದ್ದು ಬೇರೆ ಬರುತ್ತದಲ್ಲ, ಅದೇ ಸೂತ್ರ. ಆ ಲೆಕ್ಕದ ಗಂಟಲು ಆಮೇಲೆ ತಾನೇ ಹಾಡುತ್ತದೆ. ಆದರೆ ಆ ದೇಹಕ್ಕೆ ಸಾಧ್ಯವಿದ್ದಷ್ಟನ್ನು ಮಾತ್ರ.

ಅದಕ್ಕೆ ಸಂಗೀತದ ಬುದ್ಧಿಯಿಲ್ಲ. ತಂಬೂರಿ ಹಿಡಿದು ಗುರುವಿನ ಬೆನ್ನ ಹಿಂದೆ ಕೂತ ಶಿಷ್ಯ ಹೇಗೆ ಗುರು ಹಾಡಿದ್ದನ್ನೇ ಹಿಂದಿನಿಂದ ಹಾಡುತ್ತಾನೋ, ಹಾಗೆ ಮೈಕಿನಲ್ಲಿ ಕೇಳಿದ್ದನ್ನು ತನ್ನ ಗಂಟಲಲ್ಲಿ ಮರಳಿ ಹಾಡುತ್ತದೆ. ಒಮ್ಮೆ ಮುಮ್ತಾಜ್ ಮೈಕಿನ ಎದುರು ಕೂತು ಮರೆತು, "ಸರ್, ಚಹಾ ಹೇಳ್ಲ್ಯಾ?" ಎಂದಿದ್ದಳು. ಸತ್ತು ಎಂಬತ್ತು ವರ್ಷವಾದ ಒಬ್ಬ ಗವಾಯಿ ಗಂಭೀರ ಕಂಠದಲ್ಲಿ, "ಸರ್, ಚಹಾ ಹೇಳ್ಲ್ಯಾ?" ಎಂದು ಕೇಳಿದ್ದರು. ನಾನು ಎದ್ದು ನಿಂತುಬಿಟ್ಟಿದ್ದೆ.

ಈಗ ಹೂಗಾರರ ಕತೆ ಹೇಳಬೇಕು. ನನ್ನ ಹೆಂಡತಿ ನೀಲಾಂಬಿಕೆಯ ಮುತ್ತಜ್ಜ ಗುರುಪಾದಪ್ಪ ಜಮಖಂಡಿಯಲ್ಲಿ ಹೂ ಕಟ್ಟಿ ಮನೆಮನೆಗೆ ಕೊಡುತ್ತಿದ್ದವರು. ಒಂದು ಶ್ರೀಮಂತರ ಮನೆಯಲ್ಲಿ ತುಂಗಾಬಾಯಿಯ ತಟ್ಟೆ ಹಚ್ಚುತ್ತಿದ್ದರು. ಸಾರಂಗ ರಾಗದ ಒಂದು ಚೀಜು, ಅಂದರೆ ಒಂದು ಸಣ್ಣ ಹಾಡು, ಅಷ್ಟೇ. ಆಕೆ ಆ ಹೊತ್ತಿಗಾಗಲೇ ಬೇನೆಯಲ್ಲಿ ತೀರಿಕೊಂಡಿದ್ದರು, ಆಕೆಯ ಹಾಡನ್ನು ಕಿವಿಯಾರೆ ಕೇಳಿದವರು ಯಾರೂ ಉಳಿದಿರಲಿಲ್ಲ. ಗುರುಪಾದಪ್ಪ ಕಿಟಕಿಯ ಹೊರಗೆ ಕೂತು ಹೂ ಕಟ್ಟುತ್ತ ಆ ತಟ್ಟೆಯನ್ನೇ ಗುರು ಮಾಡಿಕೊಂಡರು. ಹಾಡ್ತಾ ಹಾಡ್ತಾ ರಾಗ ಅಂತಾರಲ್ಲ, ಹಾಗೆ ವರ್ಷಗಟ್ಟಲೆ ಹಾಡಿ ಆ ತಟ್ಟೆಯ ವೇಗವನ್ನು ಗಂಟಲಿಗೆ ಇಳಿಸಿಕೊಂಡರು. ಏನು ವೇಗ ಅದು! ಸ್ವರಗಳು ಮಿಂಚಿನಂತೆ ಓಡುವ ತಾನ್, ಎಲ್ಲೋ ಮೇಲಿನ ಶ್ರುತಿ. ಅಲ್ಲಿಂದ ನಾಲ್ಕು ತಲೆಮಾರು ಆ ಮನೆಯವರು ಹಾಡಿದ್ದೇ ಅದು, ಹೆಸರು ಗಳಿಸಿದ್ದೇ ಅದರಿಂದ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಎಂದು ಗುರುಪಾದಪ್ಪ ಹೇಳಿಕೊಳ್ಳುತ್ತಿದ್ದರಂತೆ. ಹೂವು ತುಂಗಾಬಾಯಿ, ನಾರು ತಾವು.

ಆ ಮನೆಗೆ ಎರಡು ನೇಮಗಳಿದ್ದವು. ಒಂದು, ಗಂಡಸಾಗಲಿ ಹೆಂಗಸಾಗಲಿ ಶ್ರುತಿ ಇಳಿಸುವಂತಿಲ್ಲ. ಇನ್ನೊಂದು, ಕಛೇರಿಯ ಕೊನೆಗೆ ಗುರುವಿಗೆ ಗೌರವವೆಂದು ಕಿವಿ ಮುಟ್ಟಿಕೊಂಡು "ತುಂಗಾಬಾಯಿ ಐನಾಪುರ" ಎಂದು ಹೇಳಬೇಕು. ಯಾಕೆಂದರೆ ತಟ್ಟೆಯ ಕೊನೆಯಲ್ಲಿ ಆಕೆ ತನ್ನ ಹೆಸರು ಹೇಳುತ್ತಾರೆ. ದೂರದೇಶದಲ್ಲಿ ತಟ್ಟೆ ಒತ್ತುವವರಿಗೆ ಇದು ಯಾರದೆಂದು ತಿಳಿಯಲಿ ಎಂದು ಆಗಿನವರು ಹಾಗೆ ಹೇಳುತ್ತಿದ್ದರು. ಹೂಗಾರರು ಅದನ್ನೂ ಕಲಿತರು, ತಟ್ಟೆಯಲ್ಲಿದ್ದ ಅದೇ ಚಿಲಿಪಿಲಿ ದನಿಯಲ್ಲಿ. ತಮ್ಮ ಹೆಸರನ್ನು ಅವರು ವೇದಿಕೆಯ ಮೇಲೆ ಎಂದೂ ಹೇಳಿದವರಲ್ಲ.

ಈ ನೇಮಕ್ಕೆ ಒಬ್ಬ ಬಲಿಯಾದ. ನೀಲಾಂಬಿಕೆಯ ತಮ್ಮ ಚನ್ನವೀರ. ಹುಡುಗನ ದನಿ ಒಡೆದ ಮೇಲೂ ಅಪ್ಪ ಶ್ರುತಿ ಇಳಿಸಲು ಬಿಡಲಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಜಮಖಂಡಿಯ ಒಂದು ಕಛೇರಿಯಲ್ಲಿ ಇಡೀ ಚೀಜನ್ನು ಆ ಶ್ರುತಿಯಲ್ಲಿ, ಆ ವೇಗದಲ್ಲಿ ಹಾಡಿ ಮುಗಿಸಿದ. ಮರುದಿನ ಮಾತಾಡಲು ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಈಗಲೂ ಅವನ ಮಾತು ಒಣಗಿದ ಎಲೆಯ ಸದ್ದಿನಂತೆ. ಹೂವಿನ ಅಂಗಡಿ ನೋಡಿಕೊಳ್ಳುತ್ತಾನೆ, ಅಕ್ಕನ ಹಿಂದೆ ತಂಬೂರಿ ಹಿಡಿದು ಕೂರುತ್ತಾನೆ.

ಅದಕ್ಕೇ ಆ ದಿನ ಪರದೆ ನೋಡಿ ನನ್ನ ಚಹಾ ಆರಿಹೋಯಿತು. ಅನುಕಂಠ ಸುಳ್ಳು ಹೇಳುವುದಿಲ್ಲ. ಗಂಟಲು ಎಂಟು ವರ್ಷದ ಮಗುವಿನದಲ್ಲವಾದರೆ ಉಳಿದ ಕಾರಣ ಒಂದೇ. ಮುಮ್ತಾಜ್ ಅದನ್ನು ಮೆಲ್ಲಗೆ ಹೇಳಿದಳು. "ಸರ್, ತಟ್ಟಿಗೆ ಹಾಡು ತುಂಬಿಸೋ ಹೊತ್ತಿನ್ಯಾಗ ಮಷಿನ್ ಸಾವಕಾಶ ತಿರಗೈತಿ. ನಾವೆಲ್ಲಾ ಜೋರ ತಿರುಗಿಸಿ ಕೇಳೀವಿ."

ಆ ಕಾಲದ ತಟ್ಟೆಗಳಿಗೆ ಒಂದೇ ವೇಗವೆಂಬುದಿರಲಿಲ್ಲ. ತುಂಬಿಸುವವನ ಕೈಗೆ ಬಂದದ್ದೇ ವೇಗ. ಆಮೇಲೆ ಬಂದ ಗ್ರಾಮಫೋನ್ ಪೆಟ್ಟಿಗೆಗಳು ಎಲ್ಲವನ್ನೂ ಒಂದೇ ವೇಗದಲ್ಲಿ ಗಿರಗಿರ ತಿರುಗಿಸಿದವು. ಸಾವಕಾಶ ಹಾಡಿದವರು ಓಡಿದರು, ದಪ್ಪ ದನಿಯವರು ಕೀಚಲಾದರು.

ನನಗೆ ನಂಬಲು ಮನಸ್ಸಿರಲಿಲ್ಲ. ಪುರಾವೆ ಬೇಕೆಂದೆ. ತಟ್ಟೆಯ ಶುರುವಿನಲ್ಲಿ, ಆಕೆ ದನಿ ತೆಗೆಯುವ ಮುಂಚೆ, ದೂರದಲ್ಲೊಂದು ಗಂಟೆ ಬಾರಿಸುವುದು ಕೇಳುತ್ತದೆ. ಹಾಡು ತುಂಬಿಸಿದ್ದು ಬೆಳಗಾವಿಯ ಕ್ಯಾಂಪಿನ ಒಂದು ಬಾಡಿಗೆ ಬಂಗಲೆಯಲ್ಲಿ, ಪಕ್ಕದಲ್ಲಿ ಹಳೆಯ ಚರ್ಚು. ಇಬ್ಬರೂ ಹೋದೆವು. ಗಂಟೆ ಇನ್ನೂ ತೂಗುತ್ತಿತ್ತು. ಅಲ್ಲಿನ ಪಾದ್ರಿ, "ಬಾರಸ್ರಿ, ಬಾರಸ್ರಿ, ಈಗ ಯಾರೂ ಬಾರ್ಸೂದಿಲ್ಲ," ಎಂದು ಹಗ್ಗ ಕೈಗೆ ಕೊಟ್ಟರು. ಮನುಷ್ಯರ ದನಿಗೆ ವಯಸ್ಸಾಗುತ್ತದೆ, ಕಂಚಿಗೆ ಆಗುವುದಿಲ್ಲ. ತಟ್ಟೆಯ ಗಂಟೆಯನ್ನು ಐದರಲ್ಲೊಂದು ಪಾಲಿಗಿಂತ ತುಸು ಕಡಿಮೆ ನಿಧಾನಿಸಿದಾಗ ಎರಡೂ ಸದ್ದು ಒಂದರ ಮೇಲೊಂದು ಕೂತವು. ಯಂತ್ರ ಹೇಳಿದ ಲೆಕ್ಕವೂ ಅದೇ.

ಬಸ್ಸಿನಲ್ಲಿ ವಾಪಸು ಬರುವಾಗ ಮುಮ್ತಾಜ್, "ಅಕ್ಕಾರಿಗೆ ಹೇಳ್ತೀರೇನ್ರಿ?" ಎಂದು ಕೇಳಿದಳು. ನಾನು ಕಿಟಕಿಯ ಕಡೆ ನೋಡಿದೆ. ಮುಂದಿನ ತಿಂಗಳು ನಮ್ಮ ಕೇಂದ್ರದ ಕಾರ್ಯಕ್ರಮವಿತ್ತು, ತುಂಗಾಬಾಯಿಗೆ ನಮನ. ವೇದಿಕೆಯ ಮೇಲೆ ಅನುಕಂಠದ ತುಂಗಾಬಾಯಿ, ಪಕ್ಕದಲ್ಲಿ ನೀಲಾಂಬಿಕೆ. ಹಳೆಯ ವೇಗದಲ್ಲೇ ಯಂತ್ರ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಜನ ಕೇಳಲು ಬರುವುದೂ ಅದನ್ನೇ. ಹೇಳಿದರೆ? ನಾಲ್ಕು ತಲೆಮಾರು ಗಂಟಲು ಕಿತ್ತುಕೊಂಡು ಮಾಡಿದ ಸಾಧನೆ ಒಂದು ಪೆಟ್ಟಿಗೆಯ ತಪ್ಪು ಎಂದು ಹೆಂಡತಿಗೆ ಹೇಳುವುದು ಹೇಗೆ?

ಹೇಳಿದೆ. ಮರುದಿನ ಮುಂಜಾನೆ ಆಕೆ ರೊಟ್ಟಿ ಬಡಿಯುತ್ತಿದ್ದಾಗ. ನನಗೆ ಸಂಗೀತದ ಗಂಧವಿಲ್ಲ, ಕತ್ತೆಗೆ ಕಸ್ತೂರಿ ಎಂದು ಆಕೆಯೇ ನೂರು ಸಲ ಅಂದಿದ್ದಾಳೆ. ಹಾಗಾಗಿ ಕತ್ತೆಯಂತೆ ನೇರವಾಗಿ ಹೇಳಿದೆ. ಗಂಟಲಿನ ಲೆಕ್ಕ, ಗಂಟೆಯ ಲೆಕ್ಕ, ಎಲ್ಲ. ರೊಟ್ಟಿ ಬಡಿಯುವ ಸದ್ದು ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆ ಬಂತು, ಆಕೆ ತಿರುವಲಿಲ್ಲ.

"ಅಪ್ಪಗ ಗೊತ್ತಿರಲಿಲ್ಲಲ್ಲಾ," ಎಂದಳು ಕೊನೆಗೆ.

"ಯಾರಿಗೂ ಗೊತ್ತಿರಲಿಲ್ಲ ನೀಲಾ."

"ಹಂಗಂದ್ರ ಚನ್ನ್ಯಾನ ಗಂಟಲಾ? ಅದು ಯಾರ ಲೆಕ್ಕಕ್ಕ ಹೋತ್ರಿ?"

ಆಕೆ ಒಲೆ ಆರಿಸಿ ಜಗಲಿಯ ಕಡೆ ನೋಡಿದಳು. ಮಾಲೆ ಹಾಕಿಸಿಕೊಂಡ ತುಂಗಾಬಾಯಿ ಎಂದಿನಂತೆ ಗದರಿಸುತ್ತಿದ್ದರು. "ನಾ ಆ ಕಾರ್ಯಕ್ರಮಕ್ಕ ಬರೂದಿಲ್ರಿ. ಯಾವ ಮಾರಿ ಇಟ್ಕೊಂಡು ಹಾಡ್ಲಿ?" ಎಂದವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ದಿನ ಮನೆಯಲ್ಲಿ ಆಕೆಯ ರಿಯಾಜಿನ, ಅಂದರೆ ಹಾಡಿನ ಅಭ್ಯಾಸದ, ಸದ್ದು ಕೇಳಲಿಲ್ಲ. ಮರುದಿನವೂ ಇಲ್ಲ. ಮದುವೆಯಾದಂದಿನಿಂದ ಆ ಸದ್ದಿಗೆ ಬೈದುಕೊಂಡು ಎದ್ದವನು ನಾನು. ಅದು ಇಲ್ಲದ ಮುಂಜಾನೆಗಳಲ್ಲಿ ನನಗೆ ಹೆದರಿಕೆಯಾಯಿತು.

ಮೂರನೆಯ ದಿನ ತಾನಾಗಿಯೇ ಬಂದು ಚಪ್ಪಲಿ ಮೆಟ್ಟಿದಳು. "ಆಕಿ ಖರೇನ ಹೆಂಗ ಹಾಡ್ಯಾಳ, ನನಗ ಕೇಳಸ್ರಿ."

ಪ್ರಯೋಗಾಲಯದಲ್ಲಿ ಮುಮ್ತಾಜ್ ಕುರ್ಚಿ ಹಾಕಿದಳು. ನೀಲಾಂಬಿಕೆ ಚಪ್ಪಲಿ ಹೊರಗೆ ಬಿಟ್ಟು ಬಂದು ನೆಲದ ಮೇಲೇ ಕೂತಳು. ನಿಧಾನಗೊಳಿಸಿದ ತಟ್ಟೆಯಲ್ಲಿ ಮೊದಲು ಆ ಗಂಟೆ ಬಾರಿಸಿತು. ಆಮೇಲೆ ತುಂಗಾಬಾಯಿ ಹಾಡಿದರು.

ಅಬ್ಬಾ ಎನ್ನುವುದು ಬಿಟ್ಟು ಬೇರೆ ಮಾತು ನನ್ನಲ್ಲಿಲ್ಲ. ಎಂಥ ದನಿ! ಕೀಚಲಲ್ಲ, ಚಿಲಿಪಿಲಿಯಲ್ಲ. ಆಳವಾದ, ತಂಪಾದ, ತುಂಬಿದ ಕೊಳದಂಥ ದನಿ. ಸ್ವರದಿಂದ ಸ್ವರಕ್ಕೆ ಆಕೆಗೆ ಯಾವ ಅವಸರವೂ ಇರಲಿಲ್ಲ. ನಾವು ಮಿಂಚು ಎಂದುಕೊಂಡದ್ದು ನಡಿಗೆಯಾಗಿತ್ತು, ಮಧ್ಯಾಹ್ನದ ಬಿಸಿಲಲ್ಲಿ ತಲೆಯ ಮೇಲೆ ಸೆರಗು ಹೊದ್ದು ನಿಧಾನವಾಗಿ ನಡೆದುಬರುವ ಹೆಂಗಸಿನ ನಡಿಗೆ. ಕತ್ತೆಗೂ ಅವತ್ತು ಕಸ್ತೂರಿಯ ವಾಸನೆ ಬಂತು.

ಹಾಡಿನ ನಡುವೆ, ಮೇಲಿನ ಷಡ್ಜಕ್ಕೆ ಏರುವಲ್ಲಿ, ಹೂಗಾರರ ಮನೆಯ ಪ್ರಸಿದ್ಧ 'ಕೊಂಕು' ಬರುತ್ತದೆ. ಬಿಕ್ಕಳಿಕೆಯಂಥ ಒಂದು ಎಳೆತ. ಅದು ಸರಿ ಬರಲಿ ಎಂದು ಅಪ್ಪ ಅಕ್ಕತಮ್ಮಂದಿರಿಬ್ಬರನ್ನೂ ಊಟಕ್ಕೆ ಬಿಡದೆ ಕೂರಿಸುತ್ತಿದ್ದರಂತೆ. ನಿಧಾನದ ತಟ್ಟೆಯಲ್ಲಿ ಆ ಜಾಗ ಬಂತು. ನೀಲಾಂಬಿಕೆ ಚಕ್ಕನೆ ಕತ್ತೆತ್ತಿದಳು.

"ಇನ್ನೊಮ್ಮಿ ಹಚ್ಚವಾ."

ಮುಮ್ತಾಜ್ ಮತ್ತೆ ಹಚ್ಚಿದಳು. ಈಗ ಸ್ಪಷ್ಟವಾಗಿ ಕೇಳಿತು. ಅದು ಕೊಂಕೂ ಅಲ್ಲ, ಬಿಕ್ಕಳಿಕೆಯೂ ಅಲ್ಲ. ನಗು. ಆಗಿನವರು ದೊಡ್ಡ ತುತ್ತೂರಿಯಂಥ ಕೊಳವೆಯ ಎದುರು ಹಾಡಬೇಕಿತ್ತು. ಮೇಲಿನ ಸ್ವರಕ್ಕೆ ದನಿ ಜೋರಾದರೆ ಗೆರೆ ಹರಿಯುತ್ತದೆಂದು ಹಿಂದೆ ನಿಂತವನೊಬ್ಬ ಗಾಯಕಿಯ ಹೆಗಲು ಹಿಡಿದು ಹಿಂದಕ್ಕೆ ಎಳೆಯುತ್ತಿದ್ದ. ಯಾರೋ ತುಂಗಾಬಾಯಿಯ ಹೆಗಲು ಎಳೆದಿದ್ದಾರೆ. ಆಕೆಗೆ ನಗು ಬಂದಿದೆ, ನಗುತ್ತಲೇ ಷಡ್ಜ ಹಿಡಿದಿದ್ದಾರೆ.

ನೀಲಾಂಬಿಕೆ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. "ನಕ್ಕಾಳ್ರೀ ಆಕಿ! ನಾವು ಆಕಿ ನಗೂದನ್ನ ನಾಕು ತಲಿ ಕಲತೀವಿ!" ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಆಮೇಲೆ ನಗು ಯಾವುದು ಅಳು ಯಾವುದು ಎಂದು ನನಗೆ ತಿಳಿಯಲಿಲ್ಲ. ಮುಮ್ತಾಜ್ ಹೋಗಿ ಆಕೆಯ ಬೆನ್ನ ಮೇಲೆ ಕೈಯಿಟ್ಟಳು.

ಹೊರಗೆ ಬಂದ ಮೇಲೆ, "ಚನ್ನ್ಯಾಗ ನಾನ ಹೇಳ್ತೀನಿ," ಎಂದಳು.

ಹೂವಿನ ಅಂಗಡಿಯಲ್ಲಿ ಚನ್ನವೀರ ಸೇವಂತಿಗೆ ಮಾಲೆ ಕಟ್ಟುತ್ತಿದ್ದ. ನಮ್ಮಿಬ್ಬರ ಮುಖ ನೋಡಿ, "ಏನಾತು ಮಾಮಾ?" ಎಂದ. ಅಕ್ಕ ಎದುರಿಗೆ ಕೂತು ಹೇಳಿದಳು. ಆಕೆ ಹೇಳಿ ಮುಗಿಸುವವರೆಗೂ ಅವನ ಬೆರಳು ನಿಲ್ಲಲಿಲ್ಲ. ಹೂ, ನಾರು, ಗಂಟು. ಹೂ, ನಾರು, ಗಂಟು. ನಾನು ಅವನ ಮುಖ ನೋಡಲಾರದೆ ಆ ಬೆರಳುಗಳನ್ನೇ ನೋಡುತ್ತಿದ್ದೆ. ಅವನು ಬೈದರೂ ಸರಿ, ಅತ್ತರೂ ಸರಿ, ಯಂತ್ರವನ್ನು ಒಡೆಯುತ್ತೇನೆಂದರೂ ಸರಿ ಎಂದುಕೊಂಡಿದ್ದೆ.

ಚನ್ನವೀರ ಮಾಲೆ ಕೆಳಗಿಟ್ಟ. ಆ ಒಣಗಿದ ದನಿಯಲ್ಲಿ ಕೇಳಿದ. "ಹಂಗಾದ್ರ ಅಕ್ಕಾ, ಆ ವೇಗದಾಗ ಆಕೀನೂ ಹಾಡಿಲ್ಲೇನು?"

"ಇಲ್ಲೋ."

"ಯಾರೂ ಹಾಡಿಲ್ಲ?"

"ನಮ್ಮ ಮನ್ಯಾಗಿನವ್ರನ್ನ ಬಿಟ್ರ ಯಾರೂ ಇಲ್ಲ."

ಅವನು ಬೆರಳಿಗಂಟಿದ ನಾರನ್ನು ಬಿಡಿಸಿಕೊಂಡ. ಆಮೇಲೆ ಅವನ ಮುಖದ ಮೇಲೆ ನಾನು ಎಂದೂ ಕಾಣದ ಒಂದು ಬೆಳಕು ಬಂತು. "ನಾ ಇಷ್ಟು ದಿನಾ ಏನ ತಿಳ್ಕೊಂಡಿದ್ದೆ ಗೊತ್ತದನು? ಆಕಿ ಸಲೀಸ ಹಾಡಿದ್ದನ್ನ ಹಾಡಾಕ ಹೋಗಿ ನಾ ಸೋತೆ, ನನ್ನ ಗಂಟಲಾ ದಮ್ಮಿಲ್ಲದ್ದು ಅಂತ. ಹಂಗಲ್ಲಲ್ಲಾ ಅದು! ಮನಷ್ಯಾನ ಕೈಲೆ ಆಗಲಾರದ್ದನ್ನ ನಾ ಒಂದ ಸಲ ಹಾಡೀನಿ, ಅಕ್ಕಾ. ಪೂರಾ ಹಾಡೀನಿ."

ಯಂತ್ರ ಓದಿದ್ದು ಗಂಟಲಿನ ಉದ್ದವನ್ನು ಮಾತ್ರ. ಇದನ್ನು ಓದುವ ಯಂತ್ರ ನಮ್ಮಲ್ಲಿರಲಿಲ್ಲ. ನಾನು ಮೂವತ್ತು ವರ್ಷದಿಂದ ಸದ್ದನ್ನು ಅಳೆಯುವವನು, ಆ ಅಂಗಡಿಯ ನೆಲದ ಮೇಲೆ ಕೂತು ಒಂದು ಮುರಿದ ದನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಮರುದಿನ ಮುಂಜಾನೆ ಮನೆಯಲ್ಲಿ ರಿಯಾಜು ಕೇಳಿತು, ನಾನು ಬೈದುಕೊಳ್ಳಲಿಲ್ಲ.

ನಮನದ ದಿನ ಮಧ್ಯಾಹ್ನ ಸಭಾಂಗಣ ಕಿಕ್ಕಿರಿದಿತ್ತು. ನೀಲಾಂಬಿಕೆ ನಡುವೆ ಕೂತಳು. ಹಿಂದೆ ಚನ್ನವೀರ, ಅವನ ಬಳಿ ಎರಡು ತಂಬೂರಿ, ಬೇರೆ ಬೇರೆ ಶ್ರುತಿಗೆ ಕೂಡಿಸಿದ್ದು. ಪಕ್ಕದಲ್ಲಿ ಖಾಲಿ ಗಾದಿ, ಅದರ ಮೇಲೊಂದು ಮಲ್ಲಿಗೆ ಮಾಲೆ, ಮಾಲೆಯ ಹಿಂದೆ ಅನುಕಂಠದ ಧ್ವನಿಪೆಟ್ಟಿಗೆ. ಹಾಡುವ ಮುಂಚೆ ಆಕೆ ಜನರಿಗೆ ಎಲ್ಲವನ್ನೂ ಹೇಳಿದಳು, ತಪ್ಪು ಹೇಗಾಯಿತೆಂದು, ನಗು ಹೇಗೆ ಕೊಂಕಾಯಿತೆಂದು. ಕೆಲವರು ನಕ್ಕರು, ಕೆಲವರು ಗುಸುಗುಸು ಮಾಡಿದರು. ಒಬ್ಬರು ಎದ್ದು ಹೊರಟೇಬಿಟ್ಟರು. ನಾನು ಮುಮ್ತಾಜಳ ಜೊತೆ ನಿಯಂತ್ರಣದ ಕೋಣೆಯಲ್ಲಿ ಬೆವರುತ್ತಿದ್ದೆ.

ಮೊದಲು ತಗ್ಗಿನ ಶ್ರುತಿ. ನೀಲಾಂಬಿಕೆ ಸಾರಂಗವನ್ನು ತುಂಗಾಬಾಯಿಯ ನಿಜವಾದ ನಡಿಗೆಯಲ್ಲಿ ಎತ್ತಿಕೊಂಡಳು, ಬೆನ್ನಲ್ಲೇ ಖಾಲಿ ಗಾದಿಯಿಂದ ಆ ತಂಪು ದನಿ ಎದ್ದುಬಂತು. ಒಬ್ಬಳು ಹಾಡಿದ್ದನ್ನು ಇನ್ನೊಬ್ಬಳು ಎತ್ತಿಕೊಳ್ಳುತ್ತ, ಒಬ್ಬಳು ಉಸಿರು ತೆಗೆದುಕೊಂಡಲ್ಲಿ ಇನ್ನೊಬ್ಬಳು ತುಂಬುತ್ತ ನಡೆದರು. ಮೇಲಿನ ಷಡ್ಜಕ್ಕೆ ಏರುವಾಗ ನೀಲಾಂಬಿಕೆ ನಕ್ಕಳು, ಬೇಕೆಂದೇ. ತುಂಗಾಬಾಯಿಯೂ ನಕ್ಕರು. ಸಭೆಯಲ್ಲಿ ಗುಸುಗುಸು ನಿಂತಿತು.

ಆಮೇಲೆ ಚನ್ನವೀರ ಆ ತಂಬೂರಿ ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡ. ಮೇಲಿನ ಶ್ರುತಿ, ಹೂಗಾರರ ಶ್ರುತಿ. ನೀಲಾಂಬಿಕೆ ತಮ್ಮನನ್ನು ಒಮ್ಮೆ ತಿರುಗಿ ನೋಡಿ ಆ ಮಿಂಚಿನ ತಾನ್ ಹೊರಡಿಸಿದಳು.

ಪರದೆಯ ಮೇಲೆ ಅನುಕಂಠದ ಗೆರೆಗಳು ಅವಳ ಹಿಂದೆ ಓಡಿದವು. ತಾಳದ ಒಂದು ಆವರ್ತನ ಹಿಡಿದವು, ಎರಡನೆಯದರಲ್ಲಿ ಹಿಂದೆ ಬಿದ್ದವು, ಮೂರನೆಯದರಲ್ಲಿ ಉಸಿರಿನ ಗೆರೆ ಕೆಂಪಾಯಿತು. "ಸರ್, ಆಕೀ ದೇಹಕ್ಕ ಇದು ಆಗೂದಿಲ್ರಿ," ಎಂದು ಮುಮ್ತಾಜ್ ಪಿಸುಗುಟ್ಟಿದಳು. ಹೌದು, ಆಗುತ್ತಿರಲಿಲ್ಲ. ಗುರುವಿನ ಓಟ ಸಿಗದಾದಾಗ ಹಿಂದೆ ಕೂತ ಶಿಷ್ಯ ಮಾಡುವುದನ್ನೇ ತುಂಗಾಬಾಯಿ ಮಾಡಿದರು. ಯಂತ್ರಕ್ಕೆ ನಾವು ಮೊದಲೇ ಕಲಿಸಿಟ್ಟಂತೆ ಓಡುವುದು ಬಿಟ್ಟು ಷಡ್ಜ ಹಿಡಿದು ನಿಂತರು. ಆ ಒಂದೇ ಸ್ವರದ ಮೇಲೆ ಅವರ ಮೊಮ್ಮಗಳಲ್ಲ, ಅವರ ರಕ್ತದವಳೂ ಅಲ್ಲ, ಬರೀ ಅವರ ಭಕ್ತಳು, ಅವರಿಂದ ಆಗದ್ದನ್ನು ಹಾಡುತ್ತ ಹೋದಳು. ಇಡೀ ಸಭೆ ಉಸಿರು ಬಿಡುವುದನ್ನು ಮರೆತಿತ್ತು.

ಹಾಡು ಮುಗಿಯಿತು. ನೀಲಾಂಬಿಕೆ ಕಿವಿ ಮುಟ್ಟಿಕೊಂಡಳು. ಚಿಲಿಪಿಲಿ ದನಿಯಲ್ಲಲ್ಲ, ತನ್ನದೇ ದನಿಯಲ್ಲಿ, "ತುಂಗಾಬಾಯಿ ಐನಾಪುರ," ಎಂದಳು.

"ತುಂಗಾಬಾಯಿ ಐನಾಪುರ," ಎಂದಿತು ಗಾದಿಯ ದನಿ.

ಜನ ಚಪ್ಪಾಳೆಗೆ ಕೈ ಎತ್ತಿದರು. ಆಕೆ ಇನ್ನೂ ಕಿವಿ ಬಿಟ್ಟಿರಲಿಲ್ಲ. "ಗುರುಪಾದಪ್ಪ ಹೂಗಾರ," ಎಂದಳು. ಕಿಟಕಿಯ ಹೊರಗೆ ಕೂತು ಹೂ ಕಟ್ಟಿದವನ ಹೆಸರನ್ನು ತುಂಗಾಬಾಯಿ ಆ ಆಳದ ದನಿಯಲ್ಲಿ, ನಿಧಾನವಾಗಿ ಹೇಳಿದರು. ಮುಮ್ತಾಜ್ ನನ್ನ ತೋಳು ಹಿಡಿದಳು.

"ಚನ್ನವೀರ ಹೂಗಾರ."

"ಚನ್ನವೀರ ಹೂಗಾರ," ಎಂದರು ತುಂಗಾಬಾಯಿ.

ಚನ್ನವೀರನ ಬೆರಳು ತಂತಿಯ ಮೇಲೆ ನಿಂತುಹೋಯಿತು. ಯಂತ್ರಕ್ಕೆ ಅವನಾರೆಂದು ಗೊತ್ತಿಲ್ಲ, ಮೈಕಿನಲ್ಲಿ ಬಿದ್ದದ್ದನ್ನು ಮರಳಿ ಹೇಳುತ್ತದೆ ಅಷ್ಟೇ. ಅದನ್ನು ಕಟ್ಟಿದವನು ನಾನು, ನನಗಿಂತ ಚೆನ್ನಾಗಿ ಇದು ಗೊತ್ತಿರಬೇಕಾದವರು ಯಾರು? ಆದರೂ ಕನ್ನಡಕ ತೆಗೆದು ಒರೆಸಿಕೊಂಡೆ.

ನೀಲಾಂಬಿಕೆ ಕಿವಿಯಿಂದ ಕೈ ತೆಗೆದಳು. ಅಲ್ಲಿಗೆ ಮುಗಿಸುವವಳಿದ್ದಳು. ಆಗ ಚನ್ನವೀರ ತಂಬೂರಿಯನ್ನು ಎದೆಗೆ ಒರಗಿಸಿಕೊಂಡು ಮುಂದಕ್ಕೆ ಬಾಗಿದ. ಹತ್ತೊಂಬತ್ತನೆಯ ವಯಸ್ಸಿನ ಆ ಕಛೇರಿಯಾದ ಮೇಲೆ ಅವನು ಮೈಕಿನ ಎದುರು ಬಾಯಿ ತೆರೆದಿರಲಿಲ್ಲ. ಕಿವಿ ಮುಟ್ಟಿಕೊಂಡು, ಇದ್ದಷ್ಟು ದನಿಯಲ್ಲಿ, ಹೆಚ್ಚುಕಡಿಮೆ ಗಾಳಿಯಲ್ಲೇ, ಒಂದು ಹೆಸರು ಹೇಳಿದ. ಮುಂದಿನ ಸಾಲಿನವರಿಗೂ ಅದು ಕೇಳಿಸಿರಲಾರದು.

ಆದರೆ ಪಕ್ಕದ ಗಾದಿಯ ತುಂಗಾಬಾಯಿ ಕೇಳಿಸಿಕೊಂಡರು. ಇಡೀ ಸಭೆಗೆ ತಿಳಿಯುವಂತೆ, ತಮ್ಮ ನಿಜವಾದ ವೇಗದಲ್ಲಿ ಹೇಳಿದರು.

"ನೀಲಾಂಬಿಕೆ ಹೂಗಾರ."